ಸಹಿ ತಿಮ್ಮಯ್ಯನವರದು, ಅಕ್ಷರ ಶ್ಯಾಮಣ್ಣನವರದು

೧೯೬೨ರಲ್ಲಿ ತಿಮ್ಮಯ್ಯನವರು ಮೊದಲ ಸಲ ಸಂಸತ್ತಿಗೆ ಗೆದ್ದಾಗ ಅವರ ಕಾಗದಪತ್ರ ಬರೆಯಲು ಸೇರಿದ ಶ್ಯಾಮಣ್ಣ ಅವರಿಗೊಂದು ಮಾತು ಕೊಟ್ಟರು: "ನಿಮ್ಮ ಸಹಿ ಇರೋ ಹಾಳೇಲಿ ನನ್ನ ಮನೆಯವರಿಗೋಸ್ಕರ ಒಂದಕ್ಷರ ಬರೆಯೋಲ್ಲ." ಈಗ ೧೯೭೪.

ಬೆಳಗಿನ ಐದೂವರೆ. ಮದ್ದೂರಿನಲ್ಲಿ ಸಂಸದರ ಮನೆಯ ಜಗಲಿ. ಶ್ಯಾಮಣ್ಣ ಪೆನ್ನಿಗೆ ಇಂಕು ತುಂಬುತ್ತಿದ್ದಾರೆ. ಹದಿನೇಳು ಜನ ಆಗಲೇ ಬಂದು ಕೂತಿದ್ದಾರೆ. ಆಸ್ಪತ್ರೆ, ಹಾಸ್ಟೆಲ್ ಸೀಟು, ಊರಿಗೆ ಬಾರದ ಬಸ್ಸು. ದಿನಕ್ಕೆ ನಲವತ್ತು ಅಹವಾಲಿಗೆ ಕಮ್ಮಿಯಿಲ್ಲ. ತೀರಾ ಬೇಕಾದವರಿಗಷ್ಟೇ ಶಿಫಾರಸು ಪತ್ರ.

ಮಳವಳ್ಳಿ ಕಡೆಯ ರೈತರಾದ ತಿಮ್ಮಯ್ಯನವರು ಓದಿದ್ದು ನಾಲ್ಕನೇ ಕ್ಲಾಸು. ಮೂರು ಸಲ ಗೆದ್ದಿದ್ದಾರೆ. ಕಬ್ಬಿನ ಬೆಲೆಗಾಗಿ ಲೋಕಸಭೆಯಲ್ಲಿ ಗಂಟಲು ಹರಿದುಕೊಂಡಿದ್ದಾರೆ. ದಿಲ್ಲಿಗೆ ಹೊರಡುವಾಗ ಇಪ್ಪತ್ತು ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟುಹೋಗುತ್ತಾರೆ. "ಸ್ವಾಮ್ಯೋರೆ, ಅಲ್ಲಿ ಕೂಗಾಡಕ್ಕೆ ನಾನಿವ್ನಿ, ಇಲ್ಲಿ ಬರಿಯಕ್ಕೆ ನೀವಿರಿ" ಅನ್ನುವುದು ಅವರ ಮಾತು. ಊರಿಗೆಲ್ಲ ಗೊತ್ತಿರುವ ಗುಟ್ಟು ಇದು.

ಇವತ್ತು ಉಳಿದಿರುವುದು ಒಂದೇ ಹಾಳೆ. ಸಂಸದರು ಬರುವುದು ಶುಕ್ರವಾರ. ನಾಳೆಯೇ ಮಂಡ್ಯದ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸಕ್ಕೆ ಸಂದರ್ಶನ, ಇರುವುದು ಒಂದು ಜಾಗ. ಶ್ಯಾಮಣ್ಣನವರ ಮಗಳು ಚೂಡಾಮಣಿಯೂ ಹೋಗುತ್ತಿದ್ದಾಳೆ. ಎರಡು ವರ್ಷದಲ್ಲಿ ಇದು ಐದನೆಯದು.

ಹಿತ್ತಲ ಬಿಡಾರದಿಂದ ಕಾಫಿ ತಂದ ಹೆಂಡತಿ ಪದ್ಮಮ್ಮ ಲೋಟ ಕುಕ್ಕುತ್ತಾರೆ. "ಊರ ಮಕ್ಕಳಿಗೆಲ್ಲ ಬರೀತೀರಿ. ನಮ್ಮ ಹುಡುಗಿ ಏನು ಪಾಪ ಮಾಡಿದ್ಲು?"

"ನನ್ನ ಮಗಳಾಗಿ ಹುಟ್ಟಿದ್ಲಲ್ಲ, ಅದೇ."

ಸಾಲಿನಲ್ಲಿ ಮುಂದಿನವರು ಗೆಜ್ಜಲಗೆರೆಯ ಮಂಚಮ್ಮ. ಅವರ ಮಗಳು ಸೋಮಮ್ಮನಿಗೂ ಅದೇ ಕೆಲಸ ಬೇಕು.

"ನಿಮ್ ಮಗ್ಳೂ ಅರ್ಜಿ ಆಕವ್ಳಂತೆ. ಬರಿಯಕ್ಕಿಲ್ಲ ಅಂದ್ರೆ ಈಗ್ಲೇ ಯೋಳ್ಬುಡಿ ಸ್ವಾಮಿ, ಏಳು ಗಂಟೆ ಬಸ್ಸಿಗೆ ಓಯ್ತೀನಿ."

"ಟೈಪಿಂಗ್ ಪಾಸಾಗಿದಾಳೇನಮ್ಮಾ?"

"ಊ, ಪಷ್ಟ್ ಕ್ಲಾಸು. ನಿಮ್ಮೋಳು?"

"ಅವಳೂ ಅಷ್ಟೇ."

"ಅಕ್ಕೋ, ಇಂಟರ್‌ವ್ಯೂನೂ ನೀನೇ ಮಾಡ್ಬುಡು ಕಣಕ್ಕ" ಎಂದು ಹಿಂದಿನಿಂದ ಚಿಕ್ಕಮಾದು ಕೂಗುತ್ತಾರೆ. ಯಾರೂ ನಗುವುದಿಲ್ಲ.

ಪದ್ಮಮ್ಮ ಬಾಗಿಲ ಬಳಿಯೇ ನಿಂತಿದ್ದಾರೆ. ಶ್ಯಾಮಣ್ಣ ಆ ಕೊನೆಯ ಹಾಳೆ ತೆಗೆದು ಸೋಮಮ್ಮನ ಹೆಸರು ಬರೆಯುತ್ತಾರೆ. ಎಂಟು ಸಾಲು. ಮಂಚಮ್ಮ ಪತ್ರವನ್ನು ಸೆರಗಿನೊಳಗೆ ಇಟ್ಟುಕೊಂಡು, ಪದ್ಮಮ್ಮನ ಮುಖ ನೋಡಲಾರದೆ ಇಳಿದುಹೋಗುತ್ತಾರೆ. ಪದ್ಮಮ್ಮ ಕುಡಿಯದ ಕಾಫಿಯನ್ನು ವಾಪಸು ಒಯ್ಯುತ್ತಾರೆ.

"ಸಂಕಟ ಇಲ್ಲ ಅಂದ್ರೆ ಸುಳ್ಳಾಗುತ್ತೆ," ಎನ್ನುತ್ತಾರೆ ಶ್ಯಾಮಣ್ಣ, ಸಾಲಿನಲ್ಲಿ ಕೂತವರ ಕಡೆ ತಿರುಗಿ. "ನನ್ನ ಮನೆಗೇ ಬರ್ಕೊಂಡ್ರೆ ನಾಳೆ ಈ ಜಗಲಿ ಮೇಲೆ ಯಾರು ನಂಬಿ ಕೂರ್ತಾರೆ, ಹೇಳಿ."

ಮರುವಾರ ಕೆಲಸ ಸೋಮಮ್ಮನಿಗಾಯಿತು. ಶ್ಯಾಮಣ್ಣ ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ.