ಅಳಿವೆಯಲ್ಲಿ ನಿಂತಿದ್ದವನು

ಕಳೆದ ವಾರ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ, ಗಾಡಿಗಳ ಸೀಟು ಹೊಲಿಯುವ ಅಂಗಡಿಯೊಂದನ್ನು ದಾಟುವಾಗ ಹೊಸ ರೆಕ್ಸಿನ್ನಿನ, ಹಸಿ ಅಂಟಿನ ವಾಸನೆ ಬಂತು. ಕಾಲು ಅಲ್ಲೇ ನಿಂತಿತು. ನಮ್ಮ ವಿಜ್ಞಾನದ ಸರ್ ನೆನಪಾದರು.

ಟಿಕೋಟಾದ ಹೈಸ್ಕೂಲಿನಲ್ಲಿ ಅವರು ನನಗೆ ಪಾಠ ಹೇಳಿದವರು. ನಿವೃತ್ತಿಯಾದ ಮೇಲೆ ತೊರವಿಯಲ್ಲಿ ನೆಲೆಸಿ, ಹಳೆಯ ಟೆಂಪೋ ಟ್ರಾವೆಲರ್ ಕೊಂಡು ಅದರೊಳಗೇ ಒಂದು ಮನೆ ಮಾಡಿದರು. ಮಲಗಲು ಎರಡು ಹಲಗೆ, ಗ್ಯಾಸ್ ಒಲೆ, ನೀರಿನ ಡ್ರಮ್ಮು. ಟಿಕೋಟಾದ ನನ್ನ ಔಷಧ ಅಂಗಡಿ ಮುಚ್ಚಿದ ಭಾನುವಾರಗಳಲ್ಲಿ ನಾವಿಬ್ಬರೂ ಕೂತು ಆ ಹಲಗೆಗಳಿಗೆ ರೆಕ್ಸಿನ್ ಅಂಟಿಸಿದ್ದೆವು. ಹಕ್ಕಿಗಳೆಂದರೆ ಅವರಿಗೆ ಪ್ರಾಣ. ಬಿಜ್ಜರಗಿಯ ದ್ರಾಕ್ಷಿ ತೋಟಗಳ ಬಲೆಯಲ್ಲಿ ಹಕ್ಕಿ ಸಿಕ್ಕಿದೆ ಎಂದು ಯಾರಾದರೂ ಹೇಳಿದರೆ ಸಾಕು, ಕತ್ತರಿ ಹಿಡಿದು ಓಡುತ್ತಿದ್ದರು.

ಒಂದು ವರ್ಷ ಹೋಳಿ ಮುಗಿದ ವಾರ ಆ ಗಾಡಿಯಲ್ಲಿ ಕಾರವಾರದ ಕಡೆ ಹೊರಟೆವು. ಚಳಿಗಾಲಕ್ಕೆಂದು ಬಂದ, ಕೆಸರಿನಲ್ಲಿ ಹುಳ ಹೆಕ್ಕುವ ಗೊರವ ಹಕ್ಕಿಗಳು ಉತ್ತರಕ್ಕೆ ಮರಳುವ ಮುನ್ನ ಅಲ್ಲಿ ಗುಂಪುಗೂಡುತ್ತವೆ. ಹೊಳೆಯೊಂದು ಸಮುದ್ರ ಸೇರುವ ಅಳಿವೆಯ ದಡದಲ್ಲಿ ಗಾಡಿ ನಿಲ್ಲಿಸಿದೆವು.

ಮೊದಲ ಬೆಳಿಗ್ಗೆ ಸರ್ ದುರ್ಬೀನು ಹಿಡಿದವರು ಬಹಳ ಹೊತ್ತು ಅಲುಗಲಿಲ್ಲ.

"ನೀರಿನ ನಡುವ ಒಬ್ರು ನಿಂತಾರ ನೋಡಪಾ. ಮೊಣಕಾಲತನಕ ನೀರು. ಅವ್ರೂ ದುರ್ಬೀನು ಹಿಡದು ನಮ್ಮನ್ನ ನೋಡಾಕತ್ತಾರ."

ನಾನೂ ನೋಡಿದೆ. ನೀರು, ಹಕ್ಕಿಗಳು... ಅಷ್ಟೇ.

ಮರುದಿನ ಅವರ ದನಿ ಸಣ್ಣಗಾಗಿತ್ತು. "ನಿನ್ನಿಗಿಂತ ಹತ್ರ ಬಂದಾನ. ತಲಿ ಮ್ಯಾಲ ನನ್ನ ಟೊಪ್ಪಿಗಿಯಂಥಾದ ಕರಿ ಟೊಪ್ಪಿಗಿ." ನನಗೆ ಆಗಲೂ ಯಾರೂ ಕಾಣಲಿಲ್ಲ. ದಡದ ಕೆಸರಿನಲ್ಲಿ ಚಿಪ್ಪು ಆಯುತ್ತಿದ್ದ ಹೆಂಗಸಿಗೆ ಆ ಜಾಗ ತೋರಿಸಿ ಕೇಳಿದೆ. ಅದು ದೋಣಿ ಹೋಗುವ ಆಳ, ಅಲ್ಲಿ ಯಾರೂ ನಿಲ್ಲಲಾರರು ಎಂದಳು. ಸರ್‌ಗೆ ಅದನ್ನು ಹೇಳಲಿಲ್ಲ.

ಮೂರನೆಯ ಬೆಳಿಗ್ಗೆ ಸಾವಿರಾರು ಗೊರವಗಳು ಕೆಸರಿನಲ್ಲಿ ಕೂತಿದ್ದವು. ಒಂದೂ ಕೂಗುತ್ತಿರಲಿಲ್ಲ. ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದವು. ಸರ್ ದುರ್ಬೀನನ್ನು ನನ್ನ ಕೈಗೆ ಕೊಟ್ಟರು.

"ನನಗ ಧೈರ್ಯ ಸಾಲವಲ್ದು. ನೀನ ನೋಡಿ ಹೇಳು."

ನೋಡಿದೆ. ಒಬ್ಬ ನಿಂತಿದ್ದ. ಕರಿ ಟೊಪ್ಪಿಗೆ. ನಾನು ನೋಡುತ್ತಿದ್ದಂತೆ ತನ್ನ ದುರ್ಬೀನನ್ನು ಮೆಲ್ಲಗೆ ಕೆಳಗಿಳಿಸಿದ. ಅದು ಸರ್ ಮುಖವೇ. ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬಸ್ಸಿಗೆ ಕಾಯುವವರ ಮುಖ...

"ಯಾರೂ ಇಲ್ರಿ ಸರ್" ಎಂದೆ.

ಅವರು ಉಸಿರು ಬಿಟ್ಟರು. "ಹಂಗಾರ ನನ್ನ ಕಣ್ಣಾಗ ದೋಷ ಐತಿ" ಎಂದು ನಕ್ಕರು. ಮನೆಯಿಂದ ಫೋನ್ ಬಂದಿದೆ ಎಂದು ಸುಳ್ಳು ಹೇಳಿ ಅಂದೇ ಹೊರಡಿಸಿದೆ. ನಮ್ಮ ಸೀಮೆಯ ಬಬಲೇಶ್ವರ ದಾಟುವವರೆಗೂ ಗಾಡಿಯ ಕನ್ನಡಿಯಲ್ಲಿ ಹಿಂದೆ ನೋಡಲಿಲ್ಲ.

ಮುಂದಿನ ವರ್ಷ ಸರ್ ಮತ್ತೆ ಕರೆದರು. ಅಂಗಡಿ ಬಿಟ್ಟು ಬರಲಾಗದು ಎಂದೆ.

"ಇರಲಿ, ನಾ ಒಬ್ಬನ ಹೋಗ್ತೀನಿ. ಏನೂ ಇಲ್ಲಂತ ನೀನ ನೋಡಿ ಹೇಳೀಯಲ್ಲ, ಇನ್ನ ಅಂಜಿಕಿ ಯಾಕ?"

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಅವರು ಹೊರಟ ನಾಲ್ಕು ದಿನದ ಮೇಲೆ ಅದೇ ದಡದಲ್ಲಿ ಗಾಡಿ ಸಿಕ್ಕಿತು. ಬಾಗಿಲು ತೆರೆದಿತ್ತು. ಮೆಟ್ಟಿಲ ಕೆಳಗೆ ಚಪ್ಪಲಿಗಳು ನೀರಿನ ಕಡೆ ಮುಖ ಮಾಡಿದ್ದವು. ಪೊಲೀಸರು, ಮೀನುಗಾರರು ಎಲ್ಲರೂ ಹುಡುಕಿದರು. ಸರ್ ಇವತ್ತಿಗೂ ಸಿಕ್ಕಿಲ್ಲ.

ಸ್ಟೇಷನ್ ರಸ್ತೆಯಿಂದ ಅಂದು ನೇರ ತೊರವಿಗೆ ಹೋದೆ. ಅಲ್ಲಿ ಸರ್ ಅವರ ಹೆಂಡತಿ ತಮ್ಮ ಮಗಳ ಜೊತೆ ಇದ್ದಾರೆ. ಪಡಸಾಲೆಯಲ್ಲಿ ಕೂತು, ಆ ಮೂರನೆಯ ಬೆಳಿಗ್ಗೆ ನಾನು ಕಂಡದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವರು ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು.

"ಇದನ್ನ ಅವ್ರಿಗೆ ಹೇಳಬೇಕಾಗಿತ್ತಪಾ" ಎಂದರು.

ಎದ್ದು ಒಳಗೆ ಹೋದರು. ಬಹಳ ಹೊತ್ತು ಕಾದೆ... ಮತ್ತೆ ಹೊರಗೆ ಬರಲಿಲ್ಲ.