ಬ್ರಾಕೆಟ್ಟಿಗೆ ಬಳಿದ ಹಸಿರು ಬಣ್ಣ

ನಮ್ಮ ಓನರ್ ಅವರ ಹಳೆಯ ಕಾರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಾರಿನ ತಪ್ಪೇನೂ ಇಲ್ಲ ಪಾಪ. ಅದು ಅವರ ಅಪ್ಪನ ಕಾಲದ್ದು. ಮನೆಯಲ್ಲಿ ಹೊಸದೊಂದು ಬಂದ ಮೇಲೆ ಇದು ಪೀಣ್ಯದ ನಮ್ಮ ಯೂನಿಟ್ಟಿನ ಗೇಟಿನೊಳಗೇ ನಿಲ್ಲುತ್ತಿತ್ತು. ಬ್ಯಾಂಕಿಗೆ, ಟೀ ಕುಡಿಯಲಿಕ್ಕೆ, ಹತ್ತಿರದ ಗಿರಾಕಿ ಪಾರ್ಟಿಗಳನ್ನು ನೋಡಲಿಕ್ಕೆ ಅದರಲ್ಲೇ ಹೋಗುತ್ತಿದ್ದರು. ಬೆಳಗ್ಗೆ ಬಂದವರು ಮೊದಲು ಅದರ ಬಾನೆಟ್ಟನ್ನು ಸವರಿ, ಆಮೇಲೆ ನಮ್ಮ ಕಡೆ ತಿರುಗುತ್ತಿದ್ದರು.

ನಾನು ಅಲ್ಲಿ ಕ್ವಾಲಿಟಿ ನೋಡುವವಳು. ಲೇತಿನಿಂದ ಇಳಿದ ಪಂಪಿನ ಬಿಡಿಭಾಗಗಳನ್ನು ಅಳೆದು, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಗೇಟಿನ ಪಕ್ಕದ ಶೀಟಿನ ಕೋಣೆಯಲ್ಲಿ ವಾಚ್‌ಮನ್ ತನ್ನ ಹೆಂಡತಿ, ಮಗಳ ಜೊತೆ ಇದ್ದ. ಯಾದಗಿರಿ ಕಡೆಯವರು. ಮಗಳು ಪಕ್ಕದ ಸರ್ಕಾರಿ ಶಾಲೆಗೆ ಹೋಗುತ್ತಿದ್ದಳು. ಅವನ ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು, ಕೋಣೆ ಹೋದರೆ ಹುಡುಗಿಯ ಶಾಲೆಯೂ ತಪ್ಪುತ್ತಿತ್ತು.

ದಸರಾ ಮುಗಿದ ಮೇಲೆ ಕಾರು ಬೆಳಗ್ಗೆ ಸ್ಟಾರ್ಟ್ ಆಗದೆ ಮೊಂಡು ಹಿಡಿಯಿತು. ಬ್ಯಾಟರಿ ಅಂಗಡಿಯವನು ಹಳೆಯದನ್ನು ಮೂಸಿಯೂ ನೋಡದೆ ಹೊಸದನ್ನು ಕೂರಿಸಿ ಹೋದ. ಅದೂ ಬೇಗನೆ ಮಲಗಿತು. ಆಮೇಲೆ ಮೆಕ್ಯಾನಿಕ್ ಬಂದ. ಕಾರನ್ನು ತಳ್ಳಿ ಸ್ಟಾರ್ಟ್ ಮಾಡಿಸಿ, ಸ್ಟಿಯರಿಂಗಿನ ಮುಂದಿನ ಕೆಂಪು ಬ್ಯಾಟರಿ ದೀಪ ಆರಿದ್ದನ್ನು ನೋಡಿದ. ಅಷ್ಟೇ ಅವನ ಪರೀಕ್ಷೆ. ಮೀಟರು ಜೇಬಿನಿಂದ ಹೊರಕ್ಕೇ ಬರಲಿಲ್ಲ.

"ಲೈಟ್ ಆಫ್ ಆಗ್ತಾ ಐತೆ ಸಾರ್, ಡೈನಮೋ ಸಕ್ಕತ್ತಾಗೈತೆ. ಬ್ಯಾಟ್ರಿನೂ ಹೊಸದು. ಅಂದ್ರೆ ರಾತ್ರಿ ಹೊತ್ತು ಯಾರೋ ಕರೆಂಟ್ ಎಳೀತಾವ್ರೆ" ಎಂದ.

ಓನರ್ ಕಣ್ಣು ನೇರ ಗೇಟಿನ ಕಡೆ ಹೋಯಿತು. "ಇನ್ಯಾರು? ಇವನೇ. ರಾತ್ರಿಯೆಲ್ಲ ಕಾರಲ್ಲಿ ಕೂತ್ಕೊಂಡು ಹಾಡು ಕೇಳ್ತಾನೆ, ಫೋನ್ ಚಾರ್ಜ್ ಹಾಕ್ತಾನೆ. ಆ ಕಡೆಯಿಂದ ಬರೋರ ಬುದ್ಧಿ ನಂಗೊತ್ತಿಲ್ವಾ? ಸೋಮವಾರದೊಳಗೆ ಖಾಲಿ ಮಾಡಿಸ್ತೀನಿ" ಎಂದರು. ಮೆಕ್ಯಾನಿಕ್ ಹಲ್ಲು ಕಿರಿದ. ಆ ಹಲ್ಲುಗಳನ್ನು ನೋಡಿ ನನಗೆ ಬಾಯಿಗಿಟ್ಟ ಟೀ ಕಹಿಯಾಯಿತು.

ನನ್ನದೂ ಹಳೆಯ ಕಾರೇ. ಅದು ನನ್ನನ್ನು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಲ್ಲಿಸಿ ಮರ್ಯಾದೆ ತೆಗೆದು, ಒಂದಷ್ಟು ವಿದ್ಯೆ ಕಲಿಸಿದೆ. ಊಟದ ಬಿಡುವಿನಲ್ಲಿ ಮೀಟರು ಹಿಡಿದು ಹೋಗಿ, ಕಾರು ತಳ್ಳಿಸಿ ಸ್ಟಾರ್ಟ್ ಮಾಡಿದೆ. ಎಂಜಿನ್ ಓಡುತ್ತಿದ್ದಾಗ ಬ್ಯಾಟರಿಯ ಎರಡು ತುದಿಗೂ ಮೀಟರಿನ ಕಡ್ಡಿ ಇಟ್ಟರೆ ಹದಿನಾಲ್ಕು ವೋಲ್ಟಿನ ಆಸುಪಾಸು ತೋರಿಸಬೇಕು. ಇಲ್ಲಿ ಹನ್ನೆರಡರ ಮೇಲೆ ಏಳಲೊಲ್ಲದು. ಹಗಲಿನಲ್ಲೇ ಬ್ಯಾಟರಿ ತುಂಬುತ್ತಿಲ್ಲ, ಇನ್ನು ರಾತ್ರಿ ಯಾರು ಏನನ್ನು ಕದಿಯುವುದು?

ಡೈನಮೋ ಹತ್ತಿರವೇ, ಅದರ ವೈರಿಗೂ ಅದರ ಮೈಗೂ ಕಡ್ಡಿ ಇಟ್ಟೆ. ಹದಿನಾಲ್ಕು ಚೆನ್ನಾಗಿಯೇ ಬರುತ್ತಿತ್ತು. ಅದಕ್ಕೇ ಕೆಂಪು ದೀಪ ಆರುತ್ತಿತ್ತು. ಹುಟ್ಟಿದ ಕರೆಂಟಿಗೆ ದಾರಿಯಲ್ಲೆಲ್ಲೋ ತಡೆಯಿದೆ ಎಂದಾಯಿತು. ಬ್ಯಾಟರಿಗೆ ಹೋಗುವ ದಪ್ಪ ವೈರು ಸರಿಯಿತ್ತು. ಎಂಜಿನ್ನಿನ ಮೈಯಿಂದ ಬ್ಯಾಟರಿಯ ಮೈನಸ್ಸಿನವರೆಗೂ ದೋಷವಿರಲಿಲ್ಲ. ಡೈನಮೋ ಮೈಗೂ ಎಂಜಿನ್ನಿಗೂ ನಡುವೆ ಕಡ್ಡಿ ಇಟ್ಟಾಗ ಮಾತ್ರ ಸುಮಾರು ಎರಡು ವೋಲ್ಟು ತೋರಿಸಿತು. ಬ್ಯಾಟರಿಗೆ ಕಮ್ಮಿ ಬೀಳುತ್ತಿದ್ದ ಎರಡು ವೋಲ್ಟು ಅಲ್ಲೇ ಕಳೆದುಹೋಗುತ್ತಿತ್ತು. ಅವೆರಡರ ನಡುವೆ ಇರುವುದು ಡೈನಮೋ ಕೂರುವ ಕಬ್ಬಿಣದ ಬ್ರಾಕೆಟ್ ಒಂದೇ. ಈ ಕಾರಿನಲ್ಲಿ ಅರ್ತಿಂಗ್, ಅಂದರೆ ಕರೆಂಟು ಡೈನಮೋಗೆ ಮರಳುವ ದಾರಿ, ಹಾದುಹೋಗುವುದೂ ಅದರ ಮೂಲಕವೇ.

ಎಂಜಿನ್ ನಿಲ್ಲಿಸಿ, ಬೋಲ್ಟು ಬಿಚ್ಚಿ ನೋಡಿದರೆ ಬ್ರಾಕೆಟ್ಟು ಹಸಿರಾಗಿ ಹೊಳೆಯುತ್ತಿತ್ತು. ನಮ್ಮ ಲೇತುಗಳಿಗೆ ಬಳಿಯುವ ಅದೇ ಬಣ್ಣ.

ಆಯುಧಪೂಜೆ ಬಂತೆಂದರೆ ಪೀಣ್ಯದ ಸಣ್ಣ ಯೂನಿಟ್ಟುಗಳಲ್ಲಿ ಮೆಷಿನ್ನುಗಳನ್ನು ಒರೆಸಿ ಹೊಸ ಬಣ್ಣ ಬಳಿಯುವುದು ಪದ್ಧತಿ. ಈ ಸಲ ಓನರಿಗೆ ಕಾರಿನ ಬಾನೆಟ್ಟಿನ ಒಳಗೂ ಮಿರಮಿರ ಮಿಂಚಬೇಕೆಂಬ ಹುಚ್ಚು ಹಿಡಿದಿತ್ತು. ತಾವೇ ನಿಂತು ಫಿಟ್ಟರನ ಕೈಯಲ್ಲಿ ಬ್ರಾಕೆಟ್ ಬಿಚ್ಚಿಸಿ, ಹಿಂದೆ ಮುಂದೆ ಎಲ್ಲೂ ಬಿಡಬೇಡ ಎಂದು ದಪ್ಪಗೆ ಎರಡು ಕೋಟ್ ಹೊಡೆಸಿದ್ದನ್ನು ನಾವೆಲ್ಲ ನೋಡಿದ್ದೆವು. ಕಬ್ಬಿಣಕ್ಕೆ ಕಬ್ಬಿಣ ತಾಗಬೇಕಾದ ಜಾಗದಲ್ಲೂ ಬಣ್ಣ ಮೆತ್ತಿ ಕೂತು ಕರೆಂಟಿನ ದಾರಿ ಕಟ್ಟಿತ್ತು. ಎಮರಿ ಪೇಪರಿನಿಂದ ಉಜ್ಜಿ ಬಿಳಿ ಲೋಹ ಕಾಣಿಸಿ, ಬಿಗಿ ಮಾಡಿ, ಮತ್ತೆ ಕಾರು ತಳ್ಳಿಸಿ ಸ್ಟಾರ್ಟ್ ಮಾಡಿದೆ. ಈಗ ಬ್ಯಾಟರಿಯಲ್ಲೇ ಹದಿನಾಲ್ಕು ಬಂತು. ಒಬ್ಬ ಮನುಷ್ಯನ ಅನ್ನ ಉಳಿಯಿತೆಂದು ಕುಣಿಯುವಷ್ಟು ಖುಷಿಯಾಗಿ ಆಫೀಸಿಗೆ ಓಡಿದೆ.

ಅಲ್ಲಿ ವಾಚ್‌ಮನ್ ಓನರ್ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದ. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಓನರ್ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಅವನ ಕಡೆ ಬೆರಳು ತೋರಿಸಿದರು. "ಏನಮ್ಮ ಹೇಳ್ತಿದೀಯ? ಇವನೇ ಈಗ್ತಾನೆ ಕಾಲಿಗೆ ಬಿದ್ದು ನಾನೇ ಮಾಡ್ದೆ ಅಂತ ಒಪ್ಕೊಂಡಿದಾನಲ್ಲ!"

ನಾನು ಅವನತ್ತ ತಿರುಗಿದೆ. ಅವನು ನೆಲ ನೋಡುತ್ತಲೇ ಹೇಳಿದ: "ಇಲ್ರೀ ಅಕ್ಕಾರ, ನಾ ಒಳಗ ಕುಂತೇ ಇಲ್ಲ. ಮಾಡಿಲ್ಲ ಅಂದಷ್ಟೂ ಸಾಹೇಬ್ರು ಸಿಟ್ಟ ಮಾಡಾಕತ್ತಿದ್ರು. ಒಪ್ಕೊಂಡ್ರ ಬಿಡ್ತೀನಿ ಅಂದ್ರು. ಅದಕ್ಕ ಹೂಂ ಅಂದೆ."

ಓನರ್ ಕುರ್ಚಿಗೆ ಒರಗಿಕೊಂಡರು. ಅವರ ಮುಖದಲ್ಲಿ ನೆಮ್ಮದಿ ಮೂಡಿದ್ದನ್ನು ನನ್ನ ಕಣ್ಣಾರೆ ಕಂಡೆ. "ನೋಡಿದ್ಯಾ? ಕಾರಿನ ವಿಷ್ಯ ಬಿಡು, ಅದು ಸರಿಹೋಯ್ತು. ಮಾಡ್ದೇ ಇರೋದನ್ನ ಮಾಡ್ದೆ ಅಂತ ನನ್ನೆದುರಿಗೇ ಸುಳ್ಳು ಹೇಳಿದಾನೆ. ಇಷ್ಟು ಸಲೀಸಾಗಿ ಸುಳ್ಳು ಹೇಳೋನನ್ನ ಗೇಟಲ್ಲಿ ಹೆಂಗಮ್ಮ ಇಟ್ಕೊಳ್ಳೋದು?"

ಛೀ ಎಂದೆ. ಬಾಯಿಬಿಟ್ಟೇ ಎಂದೆ. ಆಮೇಲೆ ಇನ್ನೂ ಏನೇನೋ ಕೂಗಾಡಿದೆ. ಅವರು ಫೋನೆತ್ತಿಕೊಂಡು ಯಾವುದೋ ಪಾರ್ಟಿಯ ಜೊತೆ ನಗುನಗುತ್ತ ಮಾತಾಡತೊಡಗಿದರು. ಆ ನಗು ನೆನೆದರೆ ಈಗಲೂ ಕೊಳೆತದ್ದನ್ನು ಮುಟ್ಟಿದ ಹಾಗಾಗುತ್ತದೆ.

ಸೋಮವಾರ ವಾಚ್‌ಮನ್ ಮನೆಯವರ ಸಾಮಾನು ಒಂದು ಲಗೇಜ್ ಆಟೋದಲ್ಲಿ ಹಿಡಿಸಿತು. ಹೆಂಡತಿ, ಮಗಳು ಹತ್ತಿ ಕೂತ ಮೇಲೆ ಅವನು ನನ್ನ ಹತ್ತಿರ ಬಂದ. ಅವನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ:

"ಅಕ್ಕಾರ, ಇಲ್ಲ ಅಂದ್ರೂ ಹೋಗು ಅಂತಾರ, ಹೌದು ಅಂದ್ರೂ ಹೋಗು ಅಂತಾರ. ಮುಂದ ಇನ್ನೊಂದ ಕಡಿ ಹಿಂಗ ಕೇಳಿದ್ರ ನಾ ಏನ್ ಹೇಳ್ಬೇಕ್ರೀ?"