ಬತ್ತಿದ ಕೃಷ್ಣೆಗೆ ಬಾಗಿನ

2024ರ ಬೇಸಿಗೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಹೈದರಾಬಾದಿನ ನಮ್ಮ ಸನತ್‌ನಗರದಲ್ಲಿ ನೀರಿನ ಟ್ಯಾಂಕರಿಗೆ ದಾರಿ ಕಾಯುವ ಪರಿಸ್ಥಿತಿ. ಅಂಥದ್ದರಲ್ಲಿ ನಮ್ಮ ಅತ್ತೆ ಹಟ ಹಿಡಿದರು, ಕೃಷ್ಣೆಗೆ ಬಾಗಿನ ಕೊಡಲೇಬೇಕು ಅಂತ!

ಅತ್ತೆ ಬಾಗಲಕೋಟೆ ಕಡೆಯವರು, ಕೃಷ್ಣೆಯ ನೀರು ಕುಡಿದು ಬೆಳೆದವರು. ಮೊಣಕಾಲಿನ ಆಪರೇಷನ್ ಆಗಿ ಮತ್ತೆ ನಡೆಯುವಂತಾದರೆ ಸೊಸೆಯ ಕೈಯಿಂದ ಬಾಗಿನ ಕೊಡಿಸುತ್ತೇನೆಂದು ಹರಕೆ ಹೊತ್ತಿದ್ದರು.

"ಅವ್ವಾ, ಬಾಗಿನ ಕೊಡೂದು ಹೊಳಿ ತುಂಬಿದಾಗ. ಮಳಿ ಬರಲಿ, ತಡಿ" ಎಂದರು ನಮ್ಮವರು.

"ನನಗ ಎಂಬತ್ತು ತುಂಬೇತಿ. ಮಳಿ ಬರೂತನಾ ಇರತೀನಂತ ಬರದು ಕೊಡ್ತೀಯೇನು?"

ನಮ್ಮವರು ಕಾರಿನ ಕೀಲಿ ಕೈಗೆತ್ತಿಕೊಂಡರು.

ನಲ್ಲಮಲ ಬೆಟ್ಟಗಳ ನಡುವೆ ಅದೇ ಕೃಷ್ಣೆಗೆ ಕಟ್ಟಿದ ಶ್ರೀಶೈಲ ಜಲಾಶಯದ ಹಿನ್ನೀರಿಗೆ ಹೋದೆವು. ಹಿನ್ನೀರು ಎಲ್ಲಿ ಬಂತು! ಸ್ನಾನಘಟ್ಟದ ಮೆಟ್ಟಿಲು ಮುಗಿದಲ್ಲಿಂದ ಬಿರುಕು ಬಿಟ್ಟ ನೆಲ, ಬಹಳ ದೂರದಲ್ಲಿ ಸೀರೆಯ ಅಂಚಿನಷ್ಟು ನೀರು. ಖಣ, ಬಳೆ, ಅಕ್ಕಿ, ಬೆಲ್ಲ, ಅರಿಶಿನ ತುಂಬಿದ ಮೊರ ಹಿಡಿದುಕೊಂಡು, ಊಟ ಮುಗಿದ ಮೇಲೆ ಮದುವೆಮನೆಗೆ ಹೋದವಳಂತೆ ನಿಂತೆ.

ಅತ್ತೆ ಮಾತ್ರ ಕೋಲೂರಿ ಇಳಿಯತೊಡಗಿದರು. "ಅಮ್ಮಾ, ದಿಗೊದ್ದು! ಬುರದ ಉಂದಿ!" ಇಳಿಯಬೇಡಿ ಎಂದು ಯಾರೋ ತೆಲುಗಿನಲ್ಲಿ ಕೂಗಿದರು. ದಡದಲ್ಲಿ ಬಲೆ ಹೆಣೆಯುತ್ತಿದ್ದ ಮೀನುಗಾರ ಹೆಂಗಸು, ಹೆಸರು ಯಾದಮ್ಮ. ಮೇಲೆ ಒಣಗಿದಂತೆ ಕಂಡರೂ ಒಳಗೆ ಸೊಂಟದುದ್ದ ಕೆಸರಂತೆ.

ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತರು. "ಹೊಳಿ ತಾಯಿ ನನ್ನ ನಡಿಯೂ ಹಂಗ ಮಾಡಿದ್ಲು. ಹರಕಿ ತೀರಸದ ಹೊಳ್ಳಿ ಹೋಗ್ಲೇನವಾ?" ಅವರ ಕಣ್ಣಲ್ಲಿ ನೀರು.

ನಾನು ತೆಲುಗಿನಲ್ಲಿ ಯಾದಮ್ಮನಿಗೆ ಎಲ್ಲ ಹೇಳಿದೆ. "ದಿನಾ ಈ ತಾಯಿಯ ನೀರಲ್ಲೇ ನಿಲ್ಲುವವಳು ನಾನು. ಆಕೆಯ ಬದಲು ನಾನು ತಗೊಳ್ಳಲಾ?" ಎಂದಳು. ಅತ್ತೆ ಅವಳ ಕಾಲುಂಗುರ ನೋಡಿದರು, ಮುಖ ನೋಡಿದರು. "ಕೊಡವಾ" ಎಂದರು.

ಸೆರಗು ಹೊದಿಸಿ ಮೊರ ನೀಡಿದರೆ ಯಾದಮ್ಮ ತಡೆದಳು. ಹಾಗಲ್ಲವಂತೆ! ಕೊಡುವವರು "ಇಸ್ತಿನಮ್ಮ ವಾಯನಂ", ಕೊಟ್ಟೆನಮ್ಮಾ ಬಾಗಿನ, ಎನ್ನಬೇಕು. ತಗೊಳ್ಳುವವರು "ಪುಚ್ಚುಕುಂಟಿನಮ್ಮ ವಾಯನಂ", ತಗೊಂಡೆನಮ್ಮಾ, ಎನ್ನಬೇಕು. ಅದೂ ಮೂರು ಸಲ. ಮೂವತ್ತು ವರ್ಷ ತೆಲುಗಿನಲ್ಲೇ ತರಕಾರಿ ಕೊಂಡವಳು ನಾನು, ಆದರೂ ತೊದಲಿದೆ. ಮೂರನೆಯ ಸಲಕ್ಕೆ ಅತ್ತೆಯ ದನಿಯೇ ನನಗಿಂತ ಜೋರಾಗಿತ್ತು.

ಯಾದಮ್ಮ ಅಲ್ಲೇ ಹಸಿರು ಬಳೆ ತೊಟ್ಟಳು. ಒಂದು ಅರಿಶಿನ ಕೊಂಬನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು, ಈ ಮೆಟ್ಟಿಲಿಗೆ ನೀರು ಬಂದ ದಿನ ಇದನ್ನು ಹೊಳೆಗೆ ಬಿಟ್ಟು ತಿಳಿಸುತ್ತೇನೆಂದು ನನ್ನ ಫೋನ್ ನಂಬರ್ ತಗೊಂಡಳು. ಮರೆತುಬಿಡುತ್ತಾಳೆ ಎಂದುಕೊಂಡಿದ್ದೆ. ಹಾಗೆಂದುಕೊಂಡದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮಳೆಗಾಲದ ಒಂದು ಮಧ್ಯಾಹ್ನ ಫೋನ್ ಬಂತು. "ಅಮ್ಮಾ, ನೀಳ್ಳೊಚ್ಚಿನಯ್!" ಮೆಟ್ಟಿಲಿಗೆ ನೀರು ಬಂತಂತೆ, ಅರಿಶಿನ ಬಿಟ್ಟಾಯಿತಂತೆ. ಫೋನನ್ನು ನೀರಿನ ಹತ್ತಿರ ಹಿಡಿದಳು. ಮೆಟ್ಟಿಲಿಗೆ ಅಲೆ ಬಡಿಯುವ ಸದ್ದು. ಅತ್ತೆಯ ಕೈಗೆ ಕೊಟ್ಟೆ. ಅವರು ತಲೆಯ ಮೇಲೆ ಸೆರಗು ಹೊದ್ದು ಬಹಳ ಹೊತ್ತು ಕೇಳಿದರು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದರು: "ಇಸ್ತಿನಮ್ಮ ವಾಯನಂ!"

ನೀರಿನ ಸದ್ದಿನ ನಡುವಿನಿಂದ ಉತ್ತರ ಬಂತು: "ಪುಚ್ಚುಕುಂಟಿನಮ್ಮ ವಾಯನಂ!"